ಬಾತುಮೊಟ್ಟೆ ಮರಿ ಮಾಡಿಸುವ ಕೈಪಿಡಿ: ಬಳಸುವ ಮುನ್ನ ಪೂರ್ತಿ ಓದಿ

ಬಾತುಕೋಳಿಯದೋ ಹೆಬ್ಬಾತಿನದೋ ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಸಲು ಹೊರಟಿರುವ ನಿಮಗೆ ಅಭಿನಂದನೆ. ಅಂಗಡಿಯಿಂದ ಮಿಕ್ಸಿ ತಂದರೂ ಹತ್ತು ಭಾಷೆಗಳಲ್ಲಿ ಅಚ್ಚಾದ ಮಡಿಕೆ ಕಾಗದವೊಂದು ಜತೆಗೆ ಬರುತ್ತದೆ. ಮೊಟ್ಟೆಯ ಜತೆ ಬರುವುದಿಲ್ಲ, ಏಕೆಂದರೆ ಮೊಟ್ಟೆಗೆ ತನ್ನ ಕೆಲಸ ಗೊತ್ತು. ಗೊತ್ತಿಲ್ಲದೆ ಪೇಚಾಡುವವರು ಅದರ ಪಕ್ಕ ಕೂರುವವರು. ಈ ಕೈಪಿಡಿ ಅವರಿಗಾಗಿ. ಇದರಲ್ಲಿರುವ ಸೂಚನೆಗಳಲ್ಲಿ ಅರ್ಧದಷ್ಟು ಏನು ಮಾಡಬೇಕು ಎಂಬುದರ ಬಗ್ಗೆ, ಉಳಿದರ್ಧ ಸುಮ್ಮನಿರುವುದು ಹೇಗೆ ಎಂಬುದರ ಬಗ್ಗೆ. ಎರಡನೆಯದೇ ಕಷ್ಟದ್ದು.

ಕೋಳಿ ಮೊಟ್ಟೆ 21 ದಿನಕ್ಕೆ ಮರಿಯಾಗುತ್ತದೆ. ಬಾತುಮೊಟ್ಟೆಗೆ 28 ದಿನ. ಹೆಬ್ಬಾತಿಗೆ ತಳಿ ನೋಡಿಕೊಂಡು 28ರಿಂದ 32. ಮುಖದ ಮೇಲೆ ಕೆಂಪು ಗಂಟುಗಂಟಾಗಿರುವ ಮಸ್ಕೊವಿ ಬಾತಿಗಾದರೆ 35. ಕೋಳಿ ಸಾಕಿದ ಅನುಭವವಿದೆ ಎಂದು ಹೇಳಿಕೊಳ್ಳುವವರು 22ನೇ ದಿನ "ಇದು ಕೆಟ್ಟುಹೋಗಿದೆ, ಎಸೆದುಬಿಡಿ" ಎನ್ನುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

1. ಬೇಕಾಗುವ ಸಾಮಾನು

ಮೊಟ್ಟೆ: ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಬಾತುಕೋಳಿ ಹಿಂಡು ಮೇಯಿಸುತ್ತ ಊರಿಂದೂರಿಗೆ ಹೋಗುವವರನ್ನು ಕೇಳಿದರೆ ಮೊಟ್ಟೆ ಧಾರಾಳವಾಗಿ ಕೊಡುತ್ತಾರೆ. ತೆಗೆದುಕೊಳ್ಳುವ ಮೊದಲು ಹಿಂಡಿನಲ್ಲಿ ಗಂಡು ಎಷ್ಟಿವೆ ಎಂದು ವಿಚಾರಿಸಿ. ಆರೇಳು ಹೆಣ್ಣಿಗೆ ಒಂದು ಗಂಡಾದರೂ ಇರಬೇಕು. ಇಲ್ಲದಿದ್ದರೆ ಅದು ಆಮ್ಲೆಟ್ಟಿನ ಮೊಟ್ಟೆ. ಅದಕ್ಕೆ 28 ದಿನ ಕಾವು ಕೊಟ್ಟರೂ 280 ದಿನ ಕೊಟ್ಟರೂ ಒಂದೇ. ಹೆಬ್ಬಾತುಗಳು ಈ ವಿಷಯದಲ್ಲಿ ಇನ್ನೂ ಮಡಿ. ಒಂದು ಗಂಡು ಸಾಮಾನ್ಯವಾಗಿ ಎರಡು ಮೂರು ಹೆಣ್ಣಿಗಿಂತ ಹೆಚ್ಚು ಸಂಸಾರ ಕಟ್ಟಿಕೊಳ್ಳುವುದಿಲ್ಲ, ಮೊದಲ ವರ್ಷದ ಮೊಟ್ಟೆಗಳಲ್ಲಿ ಜೊಳ್ಳೇ ಹೆಚ್ಚು.

ಪೆಟ್ಟಿಗೆ: ಔಷಧಿ ಅಂಗಡಿಯವರು ಹೊರಗೆಸೆಯುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಸಾಕು. ರೆಡಿಮೇಡ್ ಇನ್‌ಕ್ಯುಬೇಟರ್ ಕೊಳ್ಳುವುದಾದರೆ, ಅದರ ಮೇಲೆ ಬರೆದಿರುವ ಮೊಟ್ಟೆಗಳ ಲೆಕ್ಕ ಕೋಳಿ ಮೊಟ್ಟೆಯದು ಎಂಬುದು ನೆನಪಿರಲಿ. ಕೋಳಿ ಮೊಟ್ಟೆ 50–60 ಗ್ರಾಂ ತೂಗಿದರೆ ಬಾತುಮೊಟ್ಟೆ 70–80 ಗ್ರಾಂ, ಹೆಬ್ಬಾತಿನದು 150 ಗ್ರಾಂ ಆಸುಪಾಸು. ತಾನೇ ತಿರುಗಿಸುತ್ತದೆ ಎಂದು ಹೇಳಿ ಮಾರಿದ ಟ್ರೇಯ ಗುಳಿಯೊಳಗೆ ಹೆಬ್ಬಾತಿನ ಮೊಟ್ಟೆ ಕೂರುವುದೇ ಇಲ್ಲ.

ಬಲ್ಬು: ಹಳೇ ಕಾಲದ, ಮುಟ್ಟಿದರೆ ಕೈ ಸುಡುವ 40 ವಾಟಿನ ಬಲ್ಬು. ಇದನ್ನು ಹುಡುಕುವುದೇ ಈ ಯೋಜನೆಯ ಮೊದಲ ಪರೀಕ್ಷೆ. ಅಂಗಡಿಯವರು ಎಲ್‌ಇಡಿ ಕೊಟ್ಟು "ಇದರಲ್ಲಿ ಕರೆಂಟು ಉಳಿಯುತ್ತೆ ಸಾರ್, ಬಿಸಿನೂ ಆಗಲ್ಲ" ಎನ್ನುತ್ತಾರೆ. ನಮಗೆ ಬೇಕಾದದ್ದು ಬಿಸಿಯೇ ಎಂದು ವಿವರಿಸಲು ಹೋಗಬೇಡಿ, ಮುಂದಿನ ಅಂಗಡಿಗೆ ಹೋಗಿ. ಸಿಕ್ಕಿದಾಗ ಎರಡು ತನ್ನಿ, ಎರಡನ್ನೂ ಒಟ್ಟಿಗೆ ಹಾಕಿ. ಒಂದೇ ಬಲ್ಬು ಇದ್ದರೆ ಅದು ನಡುರಾತ್ರಿಯಲ್ಲೇ ಸುಟ್ಟುಹೋಗುತ್ತದೆ.

ಇತರೆ: ಉಷ್ಣತೆ ನೋಡಿ ಬಲ್ಬು ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್, ಹಳೇ ಕಂಪ್ಯೂಟರಿನಿಂದ ಕಿತ್ತ ಪುಟ್ಟ ಫ್ಯಾನು, ನೀರಿಡಲು ಅಗಲ ಬಾಯಿಯ ತಟ್ಟೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪೆನ್ಸಿಲ್ಲು, ಟಾರ್ಚು ಮತ್ತು ಮನೆಯವರ ಒಪ್ಪಿಗೆ. ಕೊನೆಯದು ಯಾವ ಅಂಗಡಿಯಲ್ಲೂ ಸಿಗದು.

ಕಾನೂನಿನ ಎಚ್ಚರಿಕೆ: ಕೆರೆಯಂಚಿನ ಜೊಂಡಿನಲ್ಲೋ ಗದ್ದೆಯ ಬದುವಿನಲ್ಲೋ ಮೊಟ್ಟೆ ಕಂಡರೆ ಮುಟ್ಟಬೇಡಿ. ಅದು ಶಿಳ್ಳೆ ಬಾತಿನದೋ ವರಟೆಯದೋ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಗಿರುವ ರಕ್ಷಣೆ ಮೊಟ್ಟೆಗೂ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಮೊಟ್ಟೆ ಸಿಕ್ಕೀತೇ ಎಂದು ಆಸೆಪಡುವುದೂ ಬೇಡ. ಅವು ಮೊಟ್ಟೆ ಇಡುವುದು ಹಿಮಾಲಯದಾಚೆ. ಇಲ್ಲಿಗೆ ಬರುವುದು ಕಡಲೆ, ಶೇಂಗಾ ಹೊಲ ಮೇಯಲು.

2. ಮೊಟ್ಟೆ ಆಯುವುದು, ಇಡುವುದು

ಬಾತುಕೋಳಿಗೆ ಗೂಡಿನ ಮೇಲೆ ಅಂಥ ಮಮಕಾರವಿಲ್ಲ. ನಸುಕಿನಲ್ಲಿ ನಿಂತಲ್ಲೇ, ಕೆಸರಲ್ಲೇ ಮೊಟ್ಟೆ ಇಟ್ಟು ನೀರಿಗಿಳಿಯುತ್ತದೆ. ಬೆಳಗ್ಗೆ ಸೂರ್ಯ ಮೇಲೇರುವ ಮೊದಲೇ ಆಯ್ದುಕೊಂಡರೆ ಕೊಳೆ ಕಡಿಮೆ.

ಈಗ ಮನೆಯ ಹಿರಿಯರಲ್ಲೊಬ್ಬರು ಮೊಟ್ಟೆಯನ್ನು ತೊಳೆಯಲು ಮುಂದಾಗುತ್ತಾರೆ. ತಡೆಯಿರಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ, ಅವನ್ನು ಮುಚ್ಚಿಕೊಂಡು ತೆಳ್ಳನೆಯ ಪೊರೆಯೊಂದಿದೆ. ತಣ್ಣೀರಲ್ಲಿ ತಿಕ್ಕಿ ತೊಳೆದರೆ ಪೊರೆ ಹೋಗಿ, ಹೊರಗಿದ್ದ ಕೊಳೆ ಒಳಗೆ ಹೋಗುತ್ತದೆ. ಹಾಗೆ ಒಳಹೋದದ್ದು ಹದಿನೈದು ಇಪ್ಪತ್ತು ದಿನ ಹಿತವಾದ ಬಿಸುಪಿನಲ್ಲಿ ಬೆಳೆದು, ಒಂದು ಮಧ್ಯಾಹ್ನ ಪೆಟ್ಟಿಗೆಯೊಳಗೇ ಮೊಟ್ಟೆ ಪಟ್ಟೆಂದು ಸಿಡಿಯುತ್ತದೆ. ಆ ವಾಸನೆಯನ್ನು ಈ ಕೈಪಿಡಿ ವರ್ಣಿಸುವುದಿಲ್ಲ, ನೆರೆಯವರು ವರ್ಣಿಸುತ್ತಾರೆ. ಅಂಟಿದ ಕೆಸರು ಒಣಗಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ತೀರಾ ಕೊಳಕಾದದ್ದನ್ನು ಅಡುಗೆಗೆ ಕೊಡಿ.

ಆಯ್ದ ಮೊಟ್ಟೆಯನ್ನು ಫ್ರಿಜ್ಜಿನಲ್ಲಿಡಬೇಡಿ. ಮನೆಯ ತಂಪಾದ ಮೂಲೆಯಲ್ಲಿ ಚೂಪು ತುದಿ ಕೆಳಗೆ ಮಾಡಿ, ದಿನಕ್ಕೊಮ್ಮೆ ವಾಲಿಸುತ್ತ ಇಡಿ. ಏಳು ದಿನ ದಾಟಿದ ಮೇಲೆ ಪ್ರತಿದಿನವೂ ಮರಿಯಾಗುವ ಭರವಸೆ ಕುಗ್ಗುತ್ತ ಹೋಗುತ್ತದೆ.

3. ಚಾಲನೆ

ಮೊಟ್ಟೆ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದಿಡೀ ದಿನ ಓಡಿಸಿ. ಫ್ಯಾನು ಇದ್ದರೆ ಒಳಗೆ 37.5 ಡಿಗ್ರಿ ಸೆಲ್ಸಿಯಸ್ ನಿಲ್ಲಬೇಕು. ಅಂದರೆ 99.5 ಫ್ಯಾರನ್‌ಹೀಟ್, ಮನುಷ್ಯನಿಗಾದರೆ ಮೈ ಬಿಸಿಯಾಗಿದೆ ಎಂದು ಹೇಳಿಕೊಂಡು ಆಫೀಸಿಗೆ ರಜಾ ಹಾಕಬಹುದಾದಷ್ಟು. ಫ್ಯಾನಿಲ್ಲದಿದ್ದರೆ ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ನಿಲ್ಲುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಒಂದು ಡಿಗ್ರಿ ಹೆಚ್ಚಿರಬೇಕು.

ಒಂದೇ ಪೆಟ್ಟಿಗೆಯಲ್ಲಿ ಮೂರು ಥರ್ಮಾಮೀಟರ್ ಇಟ್ಟರೆ ಮೂರೂ ಬೇರೆಬೇರೆ ಅಂಕಿ ತೋರಿಸುತ್ತವೆ. ಯಾವುದು ಸರಿ ಎಂದು ಕೇಳಬೇಡಿ. ಒಂದನ್ನು ನಂಬಿ, ಉಳಿದೆರಡನ್ನು ಡ್ರಾಯರಿನಲ್ಲಿಡಿ.

ದಿನ ಎಣಿಸುವ ಕ್ರಮ: ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ ಒಂದು ದಿನ. ಬಾತುಮೊಟ್ಟೆ ಇಟ್ಟ ವಾರದಂದೇ ಮರಿ ಬರುತ್ತದೆ. ಇಷ್ಟು ಸರಳವಾದ ಲೆಕ್ಕವನ್ನೂ ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಬರೆಯದಿದ್ದರೆ 26ನೇ ದಿನವೋ 27ನೇ ದಿನವೋ ಎಂಬ ವಾಗ್ವಾದದಲ್ಲಿ 28 ಕಳೆದುಹೋಗುತ್ತದೆ. ಆ ಚೌಕದಲ್ಲಿ ಹಾಲಿನ ಲೆಕ್ಕ ಬರೆಯುವವರಿಗೆ ಮೊದಲೇ ತಿಳಿಸಿರಿ.

4. ನಿಮ್ಮ ಊರಿಗೆ ತಕ್ಕ ಹೊಂದಾಣಿಕೆ

ಕಲಬುರಗಿ, ರಾಯಚೂರಿನವರು: ಏಪ್ರಿಲ್–ಮೇ ತಿಂಗಳಲ್ಲಿ ನಿಮಗೆ ಬಲ್ಬು ಬೇಕಿಲ್ಲ. ಹೊರಗೆ 40 ಡಿಗ್ರಿ ದಾಟಿರುವಾಗ ಪೆಟ್ಟಿಗೆಯನ್ನು 37.5ಕ್ಕೆ ಇಳಿಸುವುದೇ ಸಮಸ್ಯೆ. ಮೊಟ್ಟೆಗೆ ಕೂಲರ್ ಹಾಕಿ ತಾವು ಬೆವರುತ್ತ ಕೂರುವುದಕ್ಕಿಂತ ಮಳೆ ಬಿದ್ದ ಮೇಲೆ ಶುರು ಮಾಡುವುದು ವಾಸಿ.

ಆಗುಂಬೆ, ಮಡಿಕೇರಿಯವರು: ಮಳೆಗಾಲದಲ್ಲಿ ತಟ್ಟೆಗೆ ನೀರು ಹಾಕಬೇಡಿ, ಗಾಳಿಯಲ್ಲೇ ಇದೆ. ಮೊದಲ 25 ದಿನ ಒಳಗಿನ ತೇವಾಂಶ ಶೇ. 55ರ ಸುತ್ತಮುತ್ತ ಇರಬೇಕು. ಬಾತುಕೋಳಿ ನೀರಿನ ಹಕ್ಕಿ, ಮೊಟ್ಟೆಗೂ ನೀರು ಹೆಚ್ಚಿದ್ದಷ್ಟು ಒಳ್ಳೆಯದು ಎಂಬುದು ಜನಪ್ರಿಯ ತರ್ಕ. ಆದರೆ ಮೊಟ್ಟೆ ಈ ದಿನಗಳಲ್ಲಿ ತನ್ನೊಳಗಿನ ನೀರನ್ನು ಆರಿಸಿಕೊಳ್ಳಬೇಕು. ಇಟ್ಟ ದಿನ 75 ಗ್ರಾಂ ತೂಗಿದ್ದು 25ನೇ ದಿನಕ್ಕೆ 65 ಗ್ರಾಮಿಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಒಳಗಿನ ಗಾಳಿಗೂಡು ಹಿಗ್ಗದೆ, ನೀರಹಕ್ಕಿಯ ಮರಿ ಚಿಪ್ಪಿನೊಳಗೇ ಮುಳುಗುತ್ತದೆ.

ಬೆಂಗಳೂರಿನವರು: ಹವೆ ನಿಮ್ಮ ಪರವಾಗಿದೆ. ಅಪಾರ್ಟ್‌ಮೆಂಟಿನ ಸಂಘ ನಿಮ್ಮ ಪರ ಇಲ್ಲ. ಹೆಬ್ಬಾತಿನ ಯೋಚನೆ ಇದ್ದರೆ ಈ ಪುಟವನ್ನು ಇಲ್ಲಿಗೇ ಮಡಚಿ.

5. ತಿರುಗಿಸುವುದು ಮತ್ತು ತಣಿಸುವುದು

ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಇಂಟು, ಇನ್ನೊಂದಕ್ಕೆ ಸೊನ್ನೆ ಬರೆಯಿರಿ. ಶಾಯಿ ಬೇಡ, ಚಿಪ್ಪು ಹೀರಿಕೊಳ್ಳುತ್ತದೆ. ದಿನಕ್ಕೆ ಮೂರು ಸಲವೋ ಐದು ಸಲವೋ ಮಗ್ಗುಲು ಬದಲಿಸಿ. ಬೆಸ ಸಂಖ್ಯೆಯೇ ಏಕೆಂದರೆ, ರಾತ್ರಿಯ ದೀರ್ಘ ನಿದ್ದೆ ಒಂದು ದಿನ ಇಂಟಿನ ಮೇಲೆ, ಮರುದಿನ ಸೊನ್ನೆಯ ಮೇಲೆ ಆಗಬೇಕು. ತಿರುಗಿಸದೆ ಬಿಟ್ಟರೆ ಬೆಳೆಯುವ ಪಿಂಡ ಪೊರೆಗೆ ಅಂಟಿಕೊಳ್ಳುತ್ತದೆ. ಹೆಬ್ಬಾತಿನ ಮೊಟ್ಟೆಯನ್ನು ಅಡ್ಡ ಮಲಗಿಸಿ, ಪೂರ್ತಿ ಅರ್ಧಸುತ್ತು ಹೊರಳಿಸಿ.

ಈ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ಮೊದಲ ವಾರ ಅವರು ದಿನಕ್ಕೆ ಮೂವತ್ತು ಸಲ ತಿರುಗಿಸುತ್ತಾರೆ. ಎರಡನೇ ವಾರದಿಂದ ನೀವೇ ತಿರುಗಿಸುತ್ತೀರಿ.

ಹತ್ತನೇ ದಿನದಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ಹದಿನೈದು ನಿಮಿಷ ತಣಿಯಲು ಬಿಡಿ, ಉಗುರು ಬೆಚ್ಚಗಿನ ನೀರನ್ನು ಮಂಜಿನಂತೆ ಸಿಂಪಡಿಸಿ. ಗೂಡಿನಲ್ಲಿ ಕೂತ ತಾಯಿಯೂ ದಿನಕ್ಕೊಮ್ಮೆ ಎದ್ದು ಹೋಗಿ, ಮೇದು, ಮಿಂದು, ಒದ್ದೆ ಮೈಯಲ್ಲೇ ಬಂದು ಕೂರುತ್ತಾಳೆ. ಅವಳಿಗೆ ಸಿಗುವ ಆ ಹದಿನೈದು ನಿಮಿಷದ ಬಿಡುವು ಈ ಕೈಪಿಡಿಯ ಬಳಕೆದಾರರಿಗೆ ಇಲ್ಲ. ಆ ಹೊತ್ತಿನಲ್ಲಿ ಬೆಕ್ಕನ್ನು ಕಾಯಬೇಕು.

6. ಬೆಳಕಿಗೆ ಹಿಡಿದು ನೋಡುವುದು

ಏಳನೇ ದಿನ ರಾತ್ರಿ ಕೋಣೆಯ ದೀಪವನ್ನೆಲ್ಲ ಆರಿಸಿ, ಟಾರ್ಚಿನ ಬಾಯಿಗೆ ಅಂಗೈ ಸುತ್ತಿ, ಮೊಟ್ಟೆಯ ಅಗಲ ತುದಿಯನ್ನು ಅದರ ಮೇಲಿಡಿ. ಚಿಪ್ಪೆಲ್ಲ ಕೆಂಪು ಕಿತ್ತಳೆಯಾಗಿ ಹೊತ್ತಿಕೊಳ್ಳುತ್ತದೆ. ಆ ಅಗಲ ತುದಿಯಲ್ಲಿ ತಿಳಿಯಾದ ಒಂದು ಗೆರೆ, ಅದು ಗಾಳಿಗೂಡಿನ ಅಂಚು. ಅದರಾಚೆ ಹುಣಿಸೆ ಬೀಜಕ್ಕಿಂತ ಚಿಕ್ಕದೊಂದು ಕಪ್ಪು ಚುಕ್ಕಿ, ಅದರಿಂದ ಎಲ್ಲ ದಿಕ್ಕಿಗೂ ಕವಲೊಡೆದ ಕೆಂಪು ನರಗಳು. ಕೈ ಅಲುಗಾಡದಂತೆ ಹಿಡಿದರೆ ಚುಕ್ಕಿ ತಾನಾಗಿ ಅಲುಗುವುದು ಕಾಣುತ್ತದೆ. ಇಲ್ಲಿ ಮನೆಯವರೆಲ್ಲ ಒಮ್ಮೆ ಉಸಿರು ಬಿಗಿಹಿಡಿಯುತ್ತಾರೆ. ಈವರೆಗೆ "ಮೊಟ್ಟೆ ಹುಚ್ಚು" ಎಂದು ಬೈಯುತ್ತಿದ್ದವರು "ಎಲ್ಲಿ, ಇನ್ನೊಂದು ಸಲ ತೋರಿಸು" ಎನ್ನುತ್ತಾರೆ. ತೋರಿಸಬೇಡಿ, ಮೊಟ್ಟೆ ತಣಿಯುತ್ತದೆ.

ನರವಿಲ್ಲದೆ ತಿಳಿಯಾಗಿದ್ದರೆ ಅದು ಜೊಳ್ಳು. ಒಳಗೆ ಬಳೆಯಂಥ ಕೆಂಪು ವೃತ್ತವಿದ್ದರೆ ಪಿಂಡ ಶುರುವಾಗಿ ನಿಂತುಹೋಗಿದೆ. ಎರಡನ್ನೂ ತೆಗೆದುಬಿಡಿ. ಬಿಳಿ ಬಾತುಮೊಟ್ಟೆಯಲ್ಲಿ ಇದೆಲ್ಲ ಸುಲಭ, ಹೆಬ್ಬಾತಿನ ದಪ್ಪ ಚಿಪ್ಪಿಗೆ ಪ್ರಖರವಾದ ಟಾರ್ಚು ಬೇಕು. ಸಂಶಯವಿದ್ದರೆ ಇನ್ನೊಂದು ವಾರ ಬಿಡಿ. ಹಾಗೆ ಬಿಟ್ಟದ್ದನ್ನು ದಿನವೂ ಮೂಸಿ ನೋಡುವುದು ಮನೆಯ ಯಜಮಾನರ ಹೊಣೆ.

ಗಮನಿಸಿ: ಫಿಲಿಪೀನ್ಸಿನಲ್ಲಿ ಬಾತುಮೊಟ್ಟೆಗೆ ಎರಡು ವಾರಕ್ಕೂ ಮಿಕ್ಕಿ ಕಾವು ಕೊಟ್ಟು, ಮರಿ ಅರ್ಧ ಬೆಳೆದಾಗ ಬೇಯಿಸಿ ಉಪ್ಪು ಹಾಕಿಕೊಂಡು ತಿನ್ನುತ್ತಾರೆ, ಬಾಲುತ್ ಎಂದು ಅದರ ಹೆಸರು. ಈ ಮಾಹಿತಿಯನ್ನು ಮಕ್ಕಳೆದುರು ಓದಬೇಡಿ.

7. ಕರೆಂಟು ಹೋದಾಗ

ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತದೆ ಎಂದು ಹಳ್ಳಿಗಳಲ್ಲಿ ಬುಟ್ಟಿಯೊಳಗೆ ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಇಡುವುದುಂಟು. ಗುಡುಗಿನಿಂದ ಮೊಟ್ಟೆ ಕೆಡುವುದಿಲ್ಲ. ಮೊದಲ ಗುಡುಗಿಗೇ ಕರೆಂಟು ಹೋಗುತ್ತದಲ್ಲ, ಅದರಿಂದ ಕೆಡುತ್ತದೆ. ಹಿರಿಯರ ಮಾತು ಹೀಗೆ ಹೊಸ ಕಾರಣ ಹುಡುಕಿಕೊಂಡು ನಿಜವಾಗುತ್ತದೆ.

ಕರೆಂಟು ಹೋದೊಡನೆ ಮುಚ್ಚಳ ತೆಗೆದು ಇಣುಕುವುದು ಮೊದಲ ತಪ್ಪು. ಪೆಟ್ಟಿಗೆಗೆ ಕಂಬಳಿ ಹೊದಿಸಿ, ತಡವಾಗುವಂತಿದ್ದರೆ ಬಿಸಿನೀರಿನ ಬಾಟಲಿಗಳನ್ನು ಒಳಗಿಡಿ. ಒಂದೆರಡು ಗಂಟೆಯ ತಂಪನ್ನು ಮೊಟ್ಟೆ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಅತಿ ಸೆಕೆಯನ್ನು ತಾಳುವುದಿಲ್ಲ. ಹಾಗಾಗಿ ನಿಜವಾದ ಅಪಾಯ ಇರುವುದು ಕರೆಂಟು ಬಂದ ಮೇಲೆ, ಗಾಬರಿಯಲ್ಲಿ ನೀವು ಥರ್ಮೋಸ್ಟಾಟ್ ಏರಿಸಿದಾಗ. ಕೊನೆಯ ವಾರಗಳಲ್ಲಿ ಪಿಂಡಗಳು ತಾವೇ ಶಾಖ ಹೊರಡಿಸುತ್ತವೆ. ಬಾಲುತ್ ಮಾಡುವವರು ಹಿಂದಿನಿಂದಲೂ ಹುರಿದು ಬಿಸಿ ಮಾಡಿದ ಭತ್ತದ ಚೀಲಗಳ ನಡುವೆ ಮೊಟ್ಟೆ ಇಟ್ಟು, ಹಳೆ ಮೊಟ್ಟೆಯ ಶಾಖವನ್ನು ಹೊಸದಕ್ಕೆ ಕೊಡುತ್ತ ಬಂದಿದ್ದಾರೆ. ಅವರಿಗೆ ಕರೆಂಟು ಬಿಲ್ಲೂ ಇರಲಿಲ್ಲ, ಕರೆಂಟು ಹೋಯಿತೆಂಬ ದೂರೂ ಇರಲಿಲ್ಲ.

8. ಕೊನೆಯ ಮೂರು ದಿನ: ಕೈ ಕಟ್ಟಿ ಕೂರುವ ವಿಧಾನ

25ನೇ ದಿನದಿಂದ ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ. 70ಕ್ಕೆ ಏರಿಸಿ, ಮುಚ್ಚಳ ಮುಚ್ಚಿ. ಇನ್ನು ತೆರೆಯಕೂಡದು. ಹೆಬ್ಬಾತಿಗೆ ಅದರ ತಳಿಯ ಲೆಕ್ಕದಂತೆ ಕೊನೆಯ ಮೂರು ದಿನ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟವರು ಯಾರಿಗೆ ಒಣಗಾಳಿ, ಯಾರಿಗೆ ತೇವ ಎಂದು ತಾವೇ ಪಂಚಾಯ್ತಿ ಮಾಡಿಕೊಳ್ಳಬೇಕು.

ಮರಿ ಮೊದಲು ಒಳಗಿನ ಪೊರೆ ಹರಿದು ಗಾಳಿಗೂಡಿಗೆ ಕೊಕ್ಕು ಹಾಕಿ ಮೊದಲ ಉಸಿರೆಳೆಯುತ್ತದೆ. ಆಗ ಚಿಪ್ಪಿನೊಳಗಿಂದಲೇ ಕೀಚು ದನಿ ಕೇಳುತ್ತದೆ. ಆಮೇಲೆ ಕೊಕ್ಕಿನ ತುದಿಯ ಗಟ್ಟಿ ಮೊನೆಯಿಂದ ಚಿಪ್ಪಿಗೆ ಒಂದು ಬಿರುಕು. ಅಕ್ಕಿಕಾಳಿನಷ್ಟು ಚಿಪ್ಪು ಮೇಲೆದ್ದು, ಅದರಡಿ ಬಿಳಿ ಪೊರೆ ಉಸಿರಿಗೆ ತಕ್ಕಂತೆ ಏರಿಳಿಯುತ್ತದೆ. ಮನೆಯಲ್ಲಿ ಸಂಭ್ರಮ. ಫೋನು ಮಾಡಿ ನೆಂಟರಿಗೆ ತಿಳಿಸಿಯೂ ಆಗುತ್ತದೆ.

ಆಮೇಲೆ ಏನೂ ಆಗುವುದಿಲ್ಲ. ಊಟದ ಹೊತ್ತಿಗೂ ಅಷ್ಟೇ ಬಿರುಕು, ಮಲಗುವ ಹೊತ್ತಿಗೂ ಅಷ್ಟೇ. ಬೆಳಗ್ಗೆ ನೋಡಿದರೂ ಅಷ್ಟೇ. ಬಾತುಮರಿ ಬಿರುಕು ಬಿಟ್ಟ ಮೇಲೆ ಹೊರಬರಲು 24ರಿಂದ 48 ಗಂಟೆ ತೆಗೆದುಕೊಳ್ಳಬಹುದು. ಹೆಬ್ಬಾತಿನ ಮರಿಗೆ ಇನ್ನೂ ನಿಧಾನ. ಇದೇ ಹೊತ್ತಿಗೆ ಮನೆಯಲ್ಲೊಬ್ಬರು ಚಿಮುಟ ಹಿಡಿದು ಬಂದು "ಪಾಪ, ಉಸಿರು ಕಟ್ಟುತ್ತೆ ಕಣೋ, ಸ್ವಲ್ಪ ಬಿಡಿಸೋಣ" ಎನ್ನುತ್ತಾರೆ. ಕರುಣೆಯಿಂದ ಸತ್ತ ಮರಿಗಳ ಲೆಕ್ಕ ಯಾರೂ ಇಟ್ಟಿಲ್ಲ. ಮರಿ ಆ ಹೊತ್ತಿನಲ್ಲಿ ಸುಮ್ಮನೆ ಮಲಗಿಲ್ಲ: ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿದೆ, ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿದೆ. ಈಗ ಚಿಪ್ಪು ಬಿಡಿಸಿದರೆ ರಕ್ತ ಸುರಿಯುತ್ತದೆ. ಮುಚ್ಚಳ ತೆರೆದರೂ ಸಾಕು, ತೇವ ಹಾರಿಹೋಗಿ ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಅದು ಚಿಪ್ಪಿನ ಸುತ್ತ ಕೊರೆಯುತ್ತ ತಿರುಗಿ, ಟೋಪಿ ಎತ್ತಿದಂತೆ ಅಗಲ ತುದಿಯನ್ನು ತಳ್ಳಿ, ಒದ್ದೆಮುದ್ದೆಯಾಗಿ ಹೊರಗುರುಳುತ್ತದೆ. ಆಗಲೂ ಮುಚ್ಚಳ ತೆರೆಯಬೇಡಿ. ತುಪ್ಪಳ ಒಣಗಲಿ. ಹೊಟ್ಟೆಯೊಳಗಿನ ಹಳದಿಯ ದೆಸೆಯಿಂದ ಅದಕ್ಕೆ ಒಂದು ದಿನ ಅನ್ನನೀರಿನ ಹಂಗಿಲ್ಲ.

9. ದೋಷಗಳು ಮತ್ತು ಪರಿಹಾರ

ದೋಷ: ಒಂದೂ ಮರಿಯಾಗಲಿಲ್ಲ, ಎಲ್ಲವೂ ತಿಳಿ. ಕಾರಣ: ಹಿಂಡಿನಲ್ಲಿ ಗಂಡಿಲ್ಲ. ಪರಿಹಾರ: ಭಾಗ 1 ಮತ್ತೆ ಓದಿ.

ದೋಷ: ಮರಿಗಳು ಎರಡು ದಿನ ಮೊದಲೇ ಬಂದವು. ಕಾರಣ: ಸೆಕೆ ಹೆಚ್ಚಾಗಿತ್ತು. ತಡವಾಗಿ ಬಂದರೆ ಸೆಕೆ ಸಾಲದು. ಸರಿಯಾದ ದಿನಕ್ಕೇ ಬಂದರೆ, ನೀವು ಡ್ರಾಯರಿನಲ್ಲಿಟ್ಟ ಥರ್ಮಾಮೀಟರ್‌ಗಳೇ ಸುಳ್ಳು ಹೇಳುತ್ತಿದ್ದವು.

ದೋಷ: ಮರಿ ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿದೆ. ಕಾರಣ: ಮೈಯೆಲ್ಲ ನೀರಾಗಿದ್ದರೆ ತೇವ ಹೆಚ್ಚು, ಪೊರೆ ಬಿಗಿದಿದ್ದರೆ ತೇವ ಕಡಿಮೆ ಅಥವಾ ಇಣುಕುವಿಕೆ ಹೆಚ್ಚು. ಪರಿಹಾರ: ಮುಂದಿನ ಸಲ ಪೆಟ್ಟಿಗೆಯನ್ನು ನೆಂಟರು ಓಡಾಡದ ಕೋಣೆಯಲ್ಲಿಡಿ.

ದೋಷ: ಮರಿಗಳ ಕಾಲುಗಳು ಸೊಟ್ಟಗಾಗುತ್ತಿವೆ. ಕಾರಣ: ಕೋಳಿಮರಿಗಿಂತ ಇವಕ್ಕೆ ನಯಾಸಿನ್ ಎಂಬ ಜೀವಸತ್ವ ಹೆಚ್ಚು ಬೇಕು, ಬರೀ ಕೋಳಿ ಆಹಾರ ಸಾಲದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನಂತೂ ಹತ್ತಿರ ಸೇರಿಸಬೇಡಿ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷವನ್ನು ಬಾತುಮರಿಯಷ್ಟು ತಾಳದ ಸಾಕುಹಕ್ಕಿ ಅಪರೂಪ.

ದೋಷ: ನೀರಿಗೆ ಬಿಟ್ಟ ಬಾತುಮರಿ ಮುಳುಗಿತು. ಕಾರಣ: ಪೆಟ್ಟಿಗೆಯಲ್ಲಿ ಹುಟ್ಟಿದ ಎಳೆಮರಿಯ ತುಪ್ಪಳ ಬೇಗ ತೊಯ್ದು ಚಳಿ ಹಿಡಿಯುತ್ತದೆ. ಪರಿಹಾರ: ಮೊದಲ ವಾರಗಳಲ್ಲಿ ಮೂಗು ಮುಳುಗುವಷ್ಟು ನೀರು ಕುಡಿಯಲು, ಈಜಲು ಅಲ್ಲ.

ದೋಷ: ಹೆಬ್ಬಾತಿನ ಮರಿ ನಿಮ್ಮನ್ನೇ ತಾಯಿ ಎಂದುಕೊಂಡಿದೆ. ಕಾರಣ: ಹುಟ್ಟಿದ ಕೂಡಲೇ ಕಣ್ಣಿಗೆ ಬಿದ್ದು ಓಡಾಡಿದ್ದನ್ನು ಅದು ತಾಯಿ ಎಂದು ಖಾಯಂ ಮಾಡಿಕೊಳ್ಳುತ್ತದೆ. ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಹೆಬ್ಬಾತಿನ ಮರಿಗಳಲ್ಲಿ ಇದನ್ನು ಅಭ್ಯಾಸ ಮಾಡಿ ಪ್ರಸಿದ್ಧನಾದ, 1973ರ ನೊಬೆಲ್ ಹಂಚಿಕೊಂಡ. ನಿಮಗೆ ನೊಬೆಲ್ ಬರುವುದಿಲ್ಲ. ಬಚ್ಚಲಮನೆಯ ಬಾಗಿಲ ಹೊರಗೆ ನೀವು ಬರುವ ತನಕ ಅರಚುವ ಮರಿ ಇರುತ್ತದೆ. ಪರಿಹಾರ: ಇಲ್ಲ.

10. ಅಧಿಕೃತ ಸೇವಾ ಕೇಂದ್ರ

ಮೇಲಿನ ಯಾವುದೂ ಕೈಗೂಡದಿದ್ದರೆ ಪಕ್ಕದ ಮನೆಯ ಕಾವಿಗೆ ಕೂತ ನಾಟಿ ಹೇಂಟೆಯನ್ನು ಸಂಪರ್ಕಿಸಿ. ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುವ ಖಾಕಿ ಕ್ಯಾಂಪ್‌ಬೆಲ್ ಬಾತು ಕಾವಿಗೆ ಕೂರುವುದು ಬಲು ಅಪರೂಪ. ಮೊಟ್ಟೆ ಹೆಚ್ಚಲಿ ಎಂದು ತಳಿ ಮಾಡಿದ ಮನುಷ್ಯರು ಆ ಗುಣವನ್ನೇ ಕಳೆದಿದ್ದಾರೆ. ಆ ಬಾಕಿ ಕೆಲಸವನ್ನು ನಾಟಿ ಹೇಂಟೆ ಮಾಡುತ್ತ ಬಂದಿದೆ. ಹುಲ್ಲು ಹಾಸಿದ ಮಂಕರಿ, ಕತ್ತಲ ಮೂಲೆ, ಎಂಟು ಹತ್ತು ಬಾತುಮೊಟ್ಟೆ. ಥರ್ಮೋಸ್ಟಾಟ್, ಫ್ಯಾನು, ಇಂಟು, ಸೊನ್ನೆ ಯಾವುದೂ ಬೇಡ. ತನ್ನ ಲೆಕ್ಕದ 21 ದಿನಕ್ಕಿಂತ ಒಂದು ವಾರ ಹೆಚ್ಚು ಕೂರಬೇಕಾದರೂ ಬಹುಮಟ್ಟಿಗೆ ಕೂತೇ ಇರುತ್ತದೆ. ಹೆಬ್ಬಾತಿನ ಮೊಟ್ಟೆಯಾದರೆ ನಾಲ್ಕೈದೇ ಹಿಡಿಸುವುದು, ಅವನ್ನು ಹೊರಳಿಸಲು ಅದಕ್ಕೆ ಶಕ್ತಿ ಸಾಲದು, ನೀವೇ ಹೋಗಿ ಹೊರಳಿಸಬೇಕು. ಆಗ ಅದು ಕೈಗೆ ಕುಕ್ಕುತ್ತದೆ. ಅದನ್ನು ಸೇವಾ ಶುಲ್ಕ ಎಂದು ತಿಳಿಯಿರಿ.

ಸೇವಾ ಕೇಂದ್ರದ ಕಡೆಯಿಂದ ಇರುವ ದೂರು ಒಂದೇ. ತಾನು ಸಾಕಿದ ಮರಿಗಳು ಕಂಡ ಮೊದಲ ಗುಂಡಿಗೇ ಇಳಿದು ತೇಲತೊಡಗಿದಾಗ, ಹೇಂಟೆ ದಡದಲ್ಲಿ ಅತ್ತಿಂದಿತ್ತ ಓಡಾಡುತ್ತ ಕೂಗಿ ರಂಪ ಮಾಡುತ್ತದೆ. ಚಿಮುಟ ಹಿಡಿದು ಬಂದವರು ಒಮ್ಮೆ ಹೋಗಿ ಅದರ ಪಕ್ಕ ನಿಂತು ನೋಡಲಿ.

11. ವಾರಂಟಿ ಮತ್ತು ಷರತ್ತುಗಳು

ಈ ಕೈಪಿಡಿಯನ್ನು ಅಕ್ಷರಶಃ ಪಾಲಿಸಿದರೂ ಎಲ್ಲ ಮೊಟ್ಟೆಯೂ ಮರಿಯಾಗುವುದಿಲ್ಲ. ಅರ್ಧಕ್ಕರ್ಧ ಬಂದರೂ ಮೊದಲ ಸಲಕ್ಕೆ ಮರ್ಯಾದೆಯ ಫಲಿತಾಂಶ. ಬಂದ ಬಾತುಮರಿಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂದು ಈಗಲೇ ಕೇಳಬೇಡಿ. ಕೆಲವು ವಾರ ಕಳೆದ ಮೇಲೆ ಗಟ್ಟಿಯಾಗಿ ಗದ್ದಲ ಮಾಡುವುದು ಹೆಣ್ಣು, ಗಂಟಲು ಕಟ್ಟಿದಂತೆ ಗೊರಗುಡುವುದು ಗಂಡು.

ಮರಿಯಾದದ್ದನ್ನು ವಾಪಸು ಪಡೆಯಲಾಗುವುದಿಲ್ಲ. ಚೆನ್ನಾಗಿ ನೋಡಿಕೊಂಡ ಹೆಬ್ಬಾತು ಇಪ್ಪತ್ತು ವರ್ಷ ಬಾಳಬಲ್ಲದು. ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್ ಎಲ್ಲದಕ್ಕಿಂತ ಹೆಚ್ಚು. ಅಷ್ಟು ವರ್ಷವೂ ಅಂಚೆಯವರು, ಗ್ಯಾಸಿನವರು, ಮತ ಕೇಳಲು ಬರುವವರು ಎಲ್ಲರನ್ನೂ ಅದು ಕತ್ತು ಚಾಚಿಕೊಂಡು ಬುಸುಗುಡುತ್ತ ಸ್ವಾಗತಿಸುತ್ತದೆ.

ಈ ಕೈಪಿಡಿಯ ಬಗ್ಗೆ ದೂರುಗಳಿದ್ದರೆ ಬರೆದು ಕಳಿಸಿ. ಖುದ್ದಾಗಿ ಬರಬೇಡಿ, ಹೆಬ್ಬಾತು ಗೇಟಿನಲ್ಲಿದೆ.